ಪಂಪು ಮಾರುವವನ ಕಣ್ಣಲ್ಲಿ ನಾಲ್ಕು ಊರು: ಬೆಂಗಳೂರು ಬಿಟ್ಟರೆ ಎಲ್ಲಿಗೆ?

2024ರ ಮಾರ್ಚ್‌ನಲ್ಲಿ ತಂಗಿ ಫೋನ್ ಮಾಡಿದಳು. ಊಟ ಆಯ್ತಾ ಅಂತ ಕೇಳಲಿಲ್ಲ. "ಅಣ್ಣಾ, ಟ್ಯಾಂಕರ್‌ನವರು ಯಾರಾದ್ರೂ ಗೊತ್ತಾ?" ಅಂದಳು. ಅವಳ ಅಪಾರ್ಟ್‌ಮೆಂಟ್ ಇರುವುದು ಬೆಂಗಳೂರಿನ ಪೂರ್ವದ ಅಂಚಿನಲ್ಲಿ. ಬೋರ್‌ವೆಲ್ ಬತ್ತಿತ್ತು. ಕಾವೇರಿ ಪೈಪು ಇನ್ನೂ ಬಂದಿರಲಿಲ್ಲ. ನಾನು ಪಂಪು ಮಾರುವ ಕಂಪನಿಯಲ್ಲಿ ಕೆಲಸ ಮಾಡುವವನು. ಹಾಗಾಗಿ ನೀರಿನ ವಿಷಯವೆಲ್ಲ ನನಗೆ ಗೊತ್ತಿರುತ್ತದೆ ಅಂತ ನಮ್ಮ ಮನೆಯವರ ನಂಬಿಕೆ. ಹೇಗೋ ಟ್ಯಾಂಕರ್ ಸಿಕ್ಕಿತು. ಮುಂದಿನ ವಾರ ಇನ್ನೊಂದು ಪ್ರಶ್ನೆ ಬಂತು. "ಬೆಂಗಳೂರು ಬಿಟ್ಟುಬಿಡೋಣ ಅಂತಿದ್ದೀವಿ. ಎಲ್ಲಿಗೆ ಹೋದ್ರೆ ಒಳ್ಳೇದು?"

ಅವಳಿಗೆ ಕಂತು ಕಂತಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಅರಸೀಕೆರೆಯವನು. ನಮ್ಮ ಜಂಕ್ಷನ್‌ನಲ್ಲಿ ನಿಂತರೆ ಒಂದು ಗಾಡಿ ಹುಬ್ಬಳ್ಳಿ ಕಡೆಗೆ, ಒಂದು ಹಾಸನದ ಮೇಲೆ ಮೈಸೂರಿಗೆ, ಇನ್ನೊಂದು ಬೆಂಗಳೂರಿಗೆ. ಆದ್ದರಿಂದ ಯಾವ ಊರಿನ ಅಭಿಮಾನಿ ಸಂಘಕ್ಕೂ ನಾನು ಚಂದಾ ಕೊಟ್ಟಿಲ್ಲ. ಕೆಲಸದ ಮೇಲೆ ತಿಂಗಳಲ್ಲಿ ಹತ್ತು ದಿನ ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ ಈ ನಾಲ್ಕು ಊರುಗಳ ಹಾರ್ಡ್‌ವೇರ್ ಅಂಗಡಿಗಳ ಮುಂದೆ ಕೂತಿರುತ್ತೇನೆ. ಯಾವ ಊರಿನಲ್ಲಿ ಎಂಥ ಪಂಪು ಖರ್ಚಾಗುತ್ತದೆ ಅಂತ ನೋಡಿದರೆ ಆ ಊರಿನ ಜಾತಕ ಅರ್ಧ ಗೊತ್ತಾಗುತ್ತದೆ.

ಆಲದ ಮರದ ಕೆಳಗಿನ ಗಿಡಗಳು

ಮೊದಲು ಒಂದು ಲೆಕ್ಕ. 2011ರ ಜನಗಣತಿಯಲ್ಲಿ ಬೆಂಗಳೂರು ಮತ್ತು ಸುತ್ತಮುತ್ತ ಸೇರಿ 85 ಲಕ್ಷ ಜನ. ಅದಕ್ಕೆ ಹತ್ತು ವರ್ಷ ಮೊದಲು 57 ಲಕ್ಷ ಇತ್ತು. ಅದೇ 2011ರಲ್ಲಿ ಮೈಸೂರು ತನ್ನ ಹೊರವಲಯ ಸೇರಿ 9.9 ಲಕ್ಷ, ಹುಬ್ಬಳ್ಳಿ-ಧಾರವಾಡ 9.4 ಲಕ್ಷ. ಅಂದರೆ ಮೊದಲನೇ ಊರು ಎರಡನೆಯದಕ್ಕಿಂತ ಎಂಟು ಪಟ್ಟಿಗೂ ಜಾಸ್ತಿ ದೊಡ್ಡದು. ನಮ್ಮ ಪಂಪು ತಯಾರಾಗುವುದು ಕೊಯಮತ್ತೂರಿನಲ್ಲಿ. ಆ ಊರಿನಲ್ಲಿ ಆಗಲೇ 21 ಲಕ್ಷ ಜನ ಇದ್ದರು, ಚೆನ್ನೈ ಪ್ರದೇಶದಲ್ಲಿ 86 ಲಕ್ಷ. ತಮಿಳುನಾಡಿನ ಎರಡನೇ ಊರು ಮೊದಲನೆಯದರ ಕಾಲು ಭಾಗ ಇದೆ. ನಮ್ಮದು ಎಂಟನೇ ಒಂದು ಭಾಗವೂ ಇಲ್ಲ. ಹೊಸ ಜನಗಣತಿ ಅಂಕಿ ಬಂದಾಗ ಈ ಅಂತರ ಕಡಿಮೆ ಆಗಿರುತ್ತದೆ ಅಂತ ನನಗಂತೂ ಅನಿಸುವುದಿಲ್ಲ.

ಆಲದ ಮರದ ಕೆಳಗೆ ಬೇರೆ ಗಿಡ ಎದ್ದೇಳುವುದು ಕಷ್ಟ. ಅದಕ್ಕೇ ಕೆಳಗಿನ ಗಿಡಗಳು ಬಿಸಿಲಿಗಾಗಿ ತಮ್ಮತಮ್ಮಲ್ಲೇ ಕಿತ್ತಾಡುತ್ತವೆ. ರೈಲ್ವೆಯ ಹೊಸ ವಲಯ ಮೊದಲು ಬೆಂಗಳೂರಿಗೆ ಅಂತಾಗಿತ್ತು. ಉತ್ತರ ಕರ್ನಾಟಕದವರು ಹೋರಾಡಿ ಅದರ ಕೇಂದ್ರವನ್ನು ಹುಬ್ಬಳ್ಳಿಗೆ ತಂದರು. 2003ರಲ್ಲಿ ಅದು ಕೆಲಸ ಶುರು ಮಾಡಿತು. 2015ರಲ್ಲಿ ರಾಜ್ಯಕ್ಕೆ ಐಐಟಿ ಸಿಕ್ಕಾಗ ಧಾರವಾಡ, ಮೈಸೂರು, ರಾಯಚೂರು ಮೂರೂ ಸಾಲಿನಲ್ಲಿ ನಿಂತಿದ್ದವು. ಧಾರವಾಡಕ್ಕೆ ಹೋಯಿತು. ರಾಯಚೂರಿನವರ ಆ ನೋವು ಇನ್ನೂ ಆರಿಲ್ಲ. ಆಮೇಲೆ ಅಲ್ಲಿಗೆ ಐಐಐಟಿ ಬಂತು, ಆದರೂ ಏಮ್ಸ್ ನಮಗೇ ಬೇಕು ಅಂತ 2022ರಲ್ಲಿ ಧರಣಿ ಕೂತರು. ಹೈಕೋರ್ಟ್ ಪೀಠ ಬೆಳಗಾವಿಗೆ ಬರಲಿಲ್ಲ, ಧಾರವಾಡಕ್ಕೂ ಕಲಬುರಗಿಗೂ 2008ರಲ್ಲಿ ಬಂತು.

ಇವೆಲ್ಲ ಪೇಪರಿನ ಮುಖಪುಟಕ್ಕೆ ಬರುವ ಜಗಳಗಳು. ಊರುಗಳ ನಡುವಿನ ಗಟ್ಟಿ ಜಗಳ ನೀರಿನದು. ಎತ್ತಿನಹೊಳೆ ನೋಡಿ. ನೇತ್ರಾವತಿಗೆ ಸೇರುವ ಹಳ್ಳಗಳ ನೀರನ್ನು ಸಕಲೇಶಪುರದ ಬಳಿ ಎತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾಗಿಸುವ ಯೋಜನೆ ಅದು. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತ ಉದ್ಘಾಟನೆ ಆಯಿತು. ಬಯಲುಸೀಮೆಗೆ ಅದು ಆಸೆ, ನೇತ್ರಾವತಿಯ ನೀರು ಕುಡಿಯುವ ಮಂಗಳೂರಿಗೆ ಹೊಟ್ಟೆಸಂಕಟ. ಕಳಸಾ-ಬಂಡೂರಿಯಲ್ಲಿ ಖಾನಾಪುರದ ಎರಡು ಹಳ್ಳಗಳ 3.9 ಟಿಎಂಸಿ ನೀರನ್ನು ಮಲಪ್ರಭೆಗೆ ತಿರುಗಿಸಿಕೊಳ್ಳಲು ಮಹದಾಯಿ ನದಿಯ ನೀರು ಹಂಚುವ ನ್ಯಾಯಮಂಡಳಿ 2018ರಲ್ಲೇ ಒಪ್ಪಿತು. ಹುಬ್ಬಳ್ಳಿ-ಧಾರವಾಡ ಇನ್ನೂ ಕಾಯುತ್ತಲೇ ಇದೆ, ಗೋವಾ ಇನ್ನೂ ಬೇಡ ಎನ್ನುತ್ತಲೇ ಇದೆ. ಹೇಮಾವತಿ ನಾಲೆಯಿಂದ ಮಾಗಡಿ ಕಡೆಗೆ ಲಿಂಕ್ ಕೆನಾಲ್ ಅಂದದ್ದಕ್ಕೆ ತುಮಕೂರಿನವರು ರಸ್ತೆಗೆ ಇಳಿದರು. ಊರು ಬೆಳೆಯುವುದು ಅಂದರೆ ಇನ್ನೊಬ್ಬರ ಹಳ್ಳಕ್ಕೆ ಪೈಪು ಹಾಕುವುದು. ಬೆಂಗಳೂರು ಇದನ್ನು ಎಲ್ಲರಿಗಿಂತ ಮೊದಲು ಕಲಿತಿತು. ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್‌ಗೂ ಜಾಸ್ತಿ ಎತ್ತರಕ್ಕೆ ದೂಡಿ ತರುತ್ತದೆ. ಪಂಪು ಮಾರುವವನಾಗಿ ನಾನು ಅದಕ್ಕೆ ಕೈ ಮುಗಿಯುತ್ತೇನೆ. ಕರೆಂಟ್ ಬಿಲ್ಲು ನೆನೆದರೆ ಎದೆ ಝಲ್ ಎನ್ನುತ್ತದೆ.

ಹಾಗಾಗಿ ಊರು ಆರಿಸುವವರು ಐಟಿ ಪಾರ್ಕ್ ಎಷ್ಟು ಎಕರೆ ಅಂತ ಮೊದಲು ಕೇಳಬೇಡಿ. ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಕೇಳಿ. ಆ ಊರಿಂದ ಹೊರಗೆ ಹೋಗುವ ದಾರಿ ವರ್ಷದ ಹನ್ನೆರಡೂ ತಿಂಗಳು ತೆರೆದಿರುತ್ತಾ ಕೇಳಿ. ಈಗಿರುವ ಕೆಲಸ ಹೋದರೆ ಅದೇ ಊರಿನಲ್ಲಿ ಎರಡನೆಯದು ಸಿಗುತ್ತಾ ಕೇಳಿ. ಮೂರಕ್ಕೂ ಒಳ್ಳೆ ಉತ್ತರ ಕೊಡುವ ಊರು ನನಗಂತೂ ಸಿಕ್ಕಿಲ್ಲ.

ಮೈಸೂರು: ಎಲ್ಲರ ಬಾಯಲ್ಲೂ ಮೊದಲ ಹೆಸರು

ಬೆಂಗಳೂರು ಸಾಕು ಅಂದವರಲ್ಲಿ ಹೆಚ್ಚಿನವರು ಮೊದಲು ಹೇಳುವುದು ಮೈಸೂರು. ಕಾರಣ ಇಲ್ಲದೆ ಇಲ್ಲ. 1903ರಲ್ಲೇ ಇಲ್ಲಿ ನಗರ ಸುಧಾರಣೆಗೆ ಅಂತ ಟ್ರಸ್ಟ್ ಬೋರ್ಡ್ ಇತ್ತು. ಲಕ್ಷ್ಮೀಪುರಂ, ಸರಸ್ವತಿಪುರಂ, ಜಯಲಕ್ಷ್ಮೀಪುರಂ ಸುತ್ತಿದರೆ ಆ ಕಾಲದ ಯೋಚನೆ ಇನ್ನೂ ಕಾಣುತ್ತದೆ. ಅಗಲ ರಸ್ತೆ, ನೆರಳಿನ ಸಾಲುಮರ, ಮನೆಯ ಸುತ್ತ ಒಂದಿಷ್ಟು ಜಾಗ. ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ 2015 ಮತ್ತು 2016ರಲ್ಲಿ ಮೈಸೂರೇ ಮೊದಲು. ನೀರು ಕಾವೇರಿಯದೂ ಇದೆ, ಕಬಿನಿಯದೂ ಇದೆ. ಎರಡೂ ಹತ್ತಿರ. ಬೆಂಗಳೂರಿನವರಿಗೆ ಹೋಗುವ ಅದೇ ಕಾವೇರಿ, ಇವರ ಮನೆಯ ಹಿತ್ತಲಲ್ಲೇ ಹರಿಯುತ್ತದೆ.

ಆದರೆ ನೀವು ಸೈಟು ತಗೊಳ್ಳುವುದು ಲಕ್ಷ್ಮೀಪುರಂನಲ್ಲಿ ಅಲ್ಲ, ಅಲ್ವಾ? ಅಲ್ಲಿ ಖಾಲಿ ಜಾಗ ಎಲ್ಲಿದೆ? ನಿಮಗೆ ಬ್ರೋಕರ್ ತೋರಿಸುವುದು ರಿಂಗ್ ರೋಡ್ ಆಚೆಯದು. ಬೋಗಾದಿ, ಹೂಟಗಳ್ಳಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳದ ಸುತ್ತ ಊರು ಎಷ್ಟು ಬೇಗ ಉಬ್ಬಿತು ಅಂದರೆ 2020ರಲ್ಲಿ ಅಲ್ಲೆಲ್ಲ ಹೊಸ ನಗರಸಭೆ, ಪಟ್ಟಣ ಪಂಚಾಯಿತಿ ಮಾಡಬೇಕಾಯಿತು. ಈಗ ಎಲ್ಲವನ್ನೂ ಸೇರಿಸಿ ಬೃಹತ್ ಮೈಸೂರು ಮಾಡುವ ಮಾತು ನಡೆದಿದೆ. ಹಳೇ ಮೈಸೂರಿನ ಅಂಗಡಿಗಳಲ್ಲಿ ನಾನು ಮಾರುವುದು ಅರ್ಧ ಎಚ್‌ಪಿ ಪುಟ್ಟ ಮೋಟಾರು, ಸಂಪಿನಿಂದ ಮೇಲಿನ ಸಿಂಟೆಕ್ಸ್‌ಗೆ ಎತ್ತಲು ಅಷ್ಟು ಸಾಕು. ರಿಂಗ್ ರೋಡ್ ಆಚೆಯ ಅಂಗಡಿಯಲ್ಲಿ ಬೋರ್‌ವೆಲ್‌ಗೆ ಇಳಿಸುವ ಸಬ್‌ಮರ್ಸಿಬಲ್ ಹೋಗುತ್ತದೆ. ಒಂದೇ ಊರು, ಎರಡು ಜಾತಕ.

ನನ್ನ ಪರಿಚಯದವರೊಬ್ಬರು ಹೀಗೆ ಹೊರಗಿನ ಒಂದು ಲೇಔಟಿನಲ್ಲಿ ಮನೆ ಕಟ್ಟಿದರು. ಮಾರುವಾಗ ದೊಡ್ಡ ಓವರ್‌ಹೆಡ್ ಟ್ಯಾಂಕ್ ತೋರಿಸಿದ್ದರಂತೆ. ಟ್ಯಾಂಕ್ ಇತ್ತು. ಅದಕ್ಕೆ ನೀರು ಎಲ್ಲಿಂದ ಅಂತ ಇವರು ಕೇಳಿರಲಿಲ್ಲ. ಈಗ ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತದೆ. ಬೆಂಗಳೂರಿಂದ ಓಡಿ ಬಂದದ್ದೇ ಅದರಿಂದ!

ದಾರಿಯ ವಿಷಯದಲ್ಲಿ ಮೈಸೂರನ್ನು ಮೀರಿಸುವವರಿಲ್ಲ. ಜೋಡಿ ಹಳಿ, ಕರೆಂಟ್ ಗಾಡಿ, ಎರಡು ಗಂಟೆಗೆ ಬೆಂಗಳೂರು ಮುಟ್ಟಿಸುವ ರೈಲುಗಳಿವೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೆದ್ದಾರಿ 118 ಕಿಲೋಮೀಟರ್. ಕಾರಿದ್ದವರಿಗೆ ಅನುಕೂಲ, ಟೋಲ್ ಕಟ್ಟಬೇಕು. ಬೈಕು, ಆಟೋಗಳಿಗೆ ಅದೇ ವರ್ಷ ಆಗಸ್ಟ್‌ನಿಂದ ಮುಖ್ಯ ಪಥ ಬಂದ್. ಅವರು ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ವಿಮಾನ ಮಾತ್ರ ಹೆಸರಿಗೆ. ಮಂಡಕಳ್ಳಿಯ ರನ್‌ವೇ ಚಿಕ್ಕದು, ದೊಡ್ಡ ಜೆಟ್ ಇಳಿಯಲಾಗದು. ದೂರದೂರಿಗೆ ಹಾರುವವರು ಫ್ಲೈಬಸ್ ಹತ್ತಿ ದೇವನಹಳ್ಳಿಗೇ ಹೋಗುತ್ತಾರೆ.

ಕೆಲಸ? ಒಂದು ದೊಡ್ಡ ಐಟಿ ಕ್ಯಾಂಪಸ್ ಇದೆ, ನೋಟು ಮುದ್ರಣಾಲಯ ಇದೆ, ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಬೆಮೆಲ್ ಇದೆ, ಹೆಬ್ಬಾಳದ ಕೈಗಾರಿಕಾ ಪ್ರದೇಶ ಇದೆ. ಆದರೂ ಒಂದು ಕಂಪನಿ ಬಿಟ್ಟರೆ ಪಕ್ಕದ ಕಟ್ಟಡದಲ್ಲಿ ಇನ್ನೊಂದು ಅನ್ನುವಷ್ಟಿಲ್ಲ. ಮೈಸೂರಿಗೆ ಬಂದ ನನ್ನ ಗೆಳೆಯರಲ್ಲಿ ಹೆಚ್ಚಿನವರ ಸಂಬಳ ಇನ್ನೂ ಬೆಂಗಳೂರಿನದೇ. ವಾರಕ್ಕೆ ಎರಡು ದಿನ ರೈಲಿನಲ್ಲಿ ಹೋಗಿ ಬರುತ್ತಾರೆ. ನನಗೆ ಅನಿಸುವುದು ಇಷ್ಟು: ಮೈಸೂರು ಬೆಂಗಳೂರಿಗೆ ಎದುರಾಳಿ ಅಲ್ಲ, ನಿಧಾನಕ್ಕೆ ಅದರ ದೂರದ ಬಡಾವಣೆ ಆಗುತ್ತಿದೆ. ಹಳೇ ಮೈಸೂರಿನವರಿಗೆ ಇದನ್ನು ಹೇಳಿದರೆ ಫಿಲ್ಟರ್ ಕಾಫಿ ಕೊಡದೆ ಕಳಿಸುತ್ತಾರೆ, ಎಚ್ಚರ.

ಹುಬ್ಬಳ್ಳಿ-ಧಾರವಾಡ: ಒಂದು ಊರಲ್ಲ, ಒಂದು ಸಂಸಾರ

ನಾಲ್ಕರಲ್ಲಿ ಜನ ಕಡಿಮೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಇದನ್ನು. ನನಗೆ ಜಾಸ್ತಿ ಇಷ್ಟವಾಗಿದ್ದೂ ಇದೇ. ಹಾಗಂತ ಕುರುಡು ಪ್ರೀತಿ ಅಲ್ಲ. ಬೈಯಲು ಬೇಕಾದಷ್ಟಿದೆ.

ಇಪ್ಪತ್ತು ಕಿಲೋಮೀಟರ್ ಅಂತರದ ಎರಡು ಊರು. 1962ರಲ್ಲಿ ಒಂದೇ ಪಾಲಿಕೆ ಮಾಡಿದರು. ಹುಬ್ಬಳ್ಳಿ ವ್ಯಾಪಾರದ್ದು: ಹತ್ತಿ, ಮೆಣಸಿನಕಾಯಿ, ಬಟ್ಟೆ, ಲಾರಿ, ರೈಲು. ಧಾರವಾಡ ಓದಿನದ್ದು: ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಈಗ ಐಐಟಿ. ಗಂಡ ಅಂಗಡಿಯಲ್ಲಿ, ಹೆಂಡತಿ ಶಾಲೆಯಲ್ಲಿ ಅನ್ನೋ ಸಂಸಾರದಂತೆ. ದುಡ್ಡೆಲ್ಲ ಹುಬ್ಬಳ್ಳಿಗೇ ಹೋಗುತ್ತದೆ ಅಂತ ಧಾರವಾಡದವರ ಗೊಣಗಾಟ ಬಹಳ ಹಳೆಯದು. ಕೊನೆಗೆ 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿತು. ರಾಜ್ಯದ ಊರುಗಳು ಬೆಂಗಳೂರಿನ ಮೇಲೆ ಹೇಳುವ ದೂರನ್ನೇ ಧಾರವಾಡ ಹುಬ್ಬಳ್ಳಿಯ ಮೇಲೆ ಹೇಳುತ್ತದೆ. ಆಲದ ಮರ ಎಲ್ಲ ಸೈಜಿನಲ್ಲೂ ಸಿಗುತ್ತದೆ ನೋಡಿ.

ಎರಡನ್ನೂ ಬೆಸೆಯುವುದು ಚಿಗರಿ ಬಸ್ಸು. ರಸ್ತೆ ಮಧ್ಯದಲ್ಲಿ ಅದಕ್ಕೇ ಮೀಸಲಾದ ದಾರಿ, ಎಸಿ ಬಸ್ಸು. 2018ರಲ್ಲಿ ಓಡಾಟ ಶುರುವಾಯಿತು. ನಾನು ಹುಬ್ಬಳ್ಳಿ ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ಕೆಲಸ ಮುಗಿಸಿ ಚಿಗರಿ ಹತ್ತಿದರೆ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಧಾರವಾಡ. ಇಂಥದ್ದು ಮೈಸೂರಿನಲ್ಲಿಲ್ಲ, ಮಂಗಳೂರಿನಲ್ಲಿಲ್ಲ. ಕಾರಿನವರು ಮಾತ್ರ ನಮ್ಮ ಪಾಲಿನ ರಸ್ತೆ ಇಕ್ಕಟ್ಟಾಯಿತು ಅಂತ ಸಿಟ್ಟಾಗಿದ್ದಾರೆ. ಬಸ್ಸಿನವರು ಬಸ್ಸು ಹಳತಾಯಿತು ಅನ್ನುತ್ತಾರೆ. ಎರಡೂ ನಿಜ.

ಈಗ ನೀರಿಗೆ ಬರೋಣ. ಇಲ್ಲಿ ಬಾಡಿಗೆ ಮನೆ ನೋಡಲು ಹೋದವರು ಹಾಲ್ ಎಷ್ಟು ದೊಡ್ಡದು ಅಂತ ಕೇಳುವ ಮೊದಲು ಎದುರು ಮನೆ ಅಜ್ಜಿಯ ಹತ್ತಿರ ಕೇಳಬೇಕಾದ್ದು ಒಂದೇ: "ಅಮ್ಮಾರ, ನಿಮ್ಮ ಓಣ್ಯಾಗ ನಳ ಎಷ್ಟ ದಿನಕ್ಕ ಬರ್ತದ್ರೀ?" ನೀರು ಮುಖ್ಯವಾಗಿ ಬರುವುದು ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ. ಹುಬ್ಬಳ್ಳಿಗೆ ನೀರು ಕೊಡುತ್ತಿದ್ದ ನೀರಸಾಗರ ಕೆರೆ ಬರಗಾಲದಲ್ಲಿ ಬತ್ತಿದ್ದೂ ಇದೆ. ಅನೇಕ ಓಣಿಗಳಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಕೆಲವು ಕಡೆ ಅದಕ್ಕಿಂತ ತಡವಾಗಿ ನಳ ಬರುತ್ತದೆ. ಬಂದಾಗ ಮನೆಯವರೆಲ್ಲ ಎದ್ದಿರಬೇಕು. ಆದ್ದರಿಂದ ಇಲ್ಲಿಯ ಮನೆಗಳ ಸಂಪು ನೋಡಿದರೆ ಬೆಂಗಳೂರಿನವರು ಈಜುಕೊಳ ಅಂದುಕೊಳ್ಳಬೇಕು.

ವಿಚಿತ್ರ ಅಂದರೆ ಇದೇ ಊರಿನಲ್ಲಿ ದಿನದ 24 ಗಂಟೆ ನೀರು ಬರುವ ವಾರ್ಡುಗಳೂ ಇವೆ. 2008ರ ಹೊತ್ತಿಗೆ ವಿಶ್ವ ಬ್ಯಾಂಕಿನ ನೆರವಿನಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ಕೆಲವು ಭಾಗಗಳಲ್ಲಿ ಹಳೇ ಪೈಪು ಕಿತ್ತು, ಮೀಟರ್ ಹಾಕಿ, ಇದನ್ನು ಮಾಡಿ ತೋರಿಸಿದರು. ಅಲ್ಲಿಯ ನಮ್ಮ ಡೀಲರೊಬ್ಬರು ನಗುತ್ತಾ ಹೇಳಿದ್ದರು, "ಅಲ್ಲೆ ನಮ್ಮ ಪಂಪ್ ಹೋಗೂದಿಲ್ರೀ, ನೀರು ತಾನ ಮ್ಯಾಲೆ ಏರತದ." ಊರಿಡೀ ಹಾಗೆ ಮಾಡುವ ಕೆಲಸ ವರ್ಷಗಳಿಂದ ನಡೆದಿದೆ. ಆದ್ದರಿಂದ ಹುಬ್ಬಳ್ಳಿ-ಧಾರವಾಡ ಆರಿಸುವವರು ಊರನ್ನಲ್ಲ, ವಾರ್ಡನ್ನು ಆರಿಸಬೇಕು. ಒಂದು ರಸ್ತೆಯ ಈ ಬದಿಗೆ ನಳ ಸದಾ ಬರುತ್ತಿರಬಹುದು, ಆ ಬದಿಗೆ ವಾರಕ್ಕೊಮ್ಮೆ.

2023ರಲ್ಲಿ ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು. ಜಗತ್ತಿನಲ್ಲೇ ಉದ್ದದ್ದು ಅಂತ ಹೆಮ್ಮೆ. ಲಗೇಜು ಎಳೆದುಕೊಂಡು ನಡೆದವನಿಗೆ ಆ ಹೆಮ್ಮೆ ಮೊಣಕಾಲಲ್ಲಿ ಗೊತ್ತಾಗುತ್ತದೆ. ಅದೇ ವರ್ಷ ಜೂನ್‌ನಲ್ಲಿ ಬೆಂಗಳೂರು-ಧಾರವಾಡ ವಂದೇ ಭಾರತ್ ಬಂತು, ಸುಮಾರು ಆರೂವರೆ ಗಂಟೆಯ ದಾರಿ. ದಿನಾ ಹೋಗಿ ಬರುವ ಮಾತೇ ಇಲ್ಲ. ಆದರೆ ತಿಂಗಳಿಗೆ ಎರಡು ಸಲ ಆಫೀಸಿಗೆ ಮುಖ ತೋರಿಸಬೇಕು ಅನ್ನುವವರಿಗೆ ರಾತ್ರಿ ಗಾಡಿಗಳು ಬೇಕಾದಷ್ಟಿವೆ. ರಸ್ತೆಯಲ್ಲಿ ಬರುವವರು ಎರಡೂ ಊರನ್ನು ಸುತ್ತಿಹೋಗುವ ಬೈಪಾಸಿನಲ್ಲಿ ಹುಷಾರು. ಬರೀ ಎರಡು ಪಥದ ಆ ರಸ್ತೆ ಅಪಘಾತಕ್ಕೇ ಹೆಸರಾಗಿತ್ತು, ಅಗಲ ಮಾಡುವ ಕೆಲಸ ಕೈಗೆತ್ತಿಕೊಂಡಿದ್ದಾರೆ.

ಕೆಲಸದ ವಿಷಯದಲ್ಲಿ ಭರವಸೆ ಜಾಸ್ತಿ, ಕುರ್ಚಿ ಕಡಿಮೆ. ಒಂದು ದೊಡ್ಡ ಐಟಿ ಕಂಪನಿಯ ಕಟ್ಟಡ ಎದ್ದು ನಿಂತರೂ ವರ್ಷಗಟ್ಟಲೆ ಬಾಗಿಲು ತೆರೆಯದೆ ಇದ್ದದ್ದನ್ನು ಇಲ್ಲಿಯ ಹುಡುಗರು ಮರೆತಿಲ್ಲ. ಧಾರವಾಡದ ಪಕ್ಕ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಮೋಟಾರ್ಸ್ ಇದೆ. ಹುಬ್ಬಳ್ಳಿಯಲ್ಲಿ ಹೊಸ ಉದ್ಯಮ ಕಟ್ಟುವವರಿಗೆ ದೇಶಪಾಂಡೆ ಸ್ಟಾರ್ಟಪ್ಸ್‌ನಂಥ ಜಾಗ ಇದೆ. ಮೇಷ್ಟರು, ವಕೀಲರು, ಡಾಕ್ಟರು, ಸಗಟು ವ್ಯಾಪಾರಿಗಳು: ಇವರಿಗೆ ಇದು ಗಟ್ಟಿ ಊರು. ವಕೀಲರಿಗಂತೂ ಹೈಕೋರ್ಟ್ ಪೀಠ ಮನೆಬಾಗಿಲಲ್ಲೇ. ಮಕ್ಕಳ ಓದಿಗೆ ಧಾರವಾಡದಷ್ಟು ಸಹಜವಾಗಿ ಒದಗಿ ಬರುವ ಊರು ಕಡಿಮೆ. ಮಳೆಗಾಲದ ಸಂಜೆ, ಮಲೆನಾಡಿನ ಗಾಳಿ, ಲೈನ್ ಬಜಾರಿನ ಪೇಢೆ. ಇದನ್ನು ಲೆಕ್ಕದಲ್ಲಿ ಬರೆಯಲಾಗದು.

ಮಂಗಳೂರು: ಮಳೆ ಸುರಿಯುವ ಊರಿಗೂ ಬಾಯಾರಿಕೆ

ಮಂಗಳೂರಿನ ಮನೆಗಳಲ್ಲಿ ನಾನು ಮಾರುವುದು ಬಾವಿಯ ಪಂಪು. ಹಳೇ ಮನೆ ಅಂದಮೇಲೆ ಹಿತ್ತಲಲ್ಲಿ ಕೆಂಪುಕಲ್ಲಿನ ಬಾವಿ ಇದ್ದೇ ಇರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ. ಆದರೂ ಏಪ್ರಿಲ್-ಮೇ ತಿಂಗಳಲ್ಲಿ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೇತ್ರಾವತಿ ಎಷ್ಟು ಅಡಿ ಇದೆ ಅಂತ ಜನ ಪೇಪರಿನಲ್ಲಿ ನೋಡುತ್ತಿರುತ್ತಾರೆ. 2019ರ ಬೇಸಿಗೆಯಲ್ಲಿ ಸರದಿಯ ಮೇಲೆ ನೀರು ಬಿಟ್ಟರು. ಬಾವಿ ಇರುವ ಮನೆಯವರು ಆಗಲೂ ಆರಾಮ. ಫ್ಲ್ಯಾಟಿನವರು ಟ್ಯಾಂಕರ್ ಹಿಂದೆ. ಆದ್ದರಿಂದ ಇಲ್ಲಿ ಫ್ಲ್ಯಾಟ್ ನೋಡುವವರು ಈಜುಕೊಳ ಇದೆಯಾ ಅಂತ ಕೇಳುವ ಮೊದಲು ಕಟ್ಟಡಕ್ಕೆ ಬಾವಿ ಇದೆಯಾ ಕೇಳಿ.

ಕೆಲಸದಲ್ಲಿ ಮಂಗಳೂರು ಮೈಸೂರಿಗಿಂತ ಸ್ವಾವಲಂಬಿ ಅಂತ ನನ್ನ ಅಭಿಪ್ರಾಯ. 1974ರಲ್ಲಿ ಪ್ರಮುಖ ಬಂದರು ಅಂತ ಘೋಷಣೆಯಾದ ಪಣಂಬೂರು ಇದೆ, ತೈಲ ಶುದ್ಧೀಕರಣದ ಎಂಆರ್‌ಪಿಎಲ್ ಇದೆ, ಸಾಲು ಸಾಲು ಮೆಡಿಕಲ್ ಕಾಲೇಜುಗಳಿವೆ, ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇದೆ. ಬ್ಯಾಂಕುಗಳ ತವರು ಅನ್ನೋ ಹೆಸರು ಮಾತ್ರ ಈಗ ಅರ್ಧ ನೆನಪು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು, ಮುಖ್ಯ ಕಚೇರಿಯ ಗತ್ತು ಮುಂಬೈಗೆ ಹೋಯಿತು. ಕರ್ಣಾಟಕ ಬ್ಯಾಂಕ್ ಇನ್ನೂ ಇಲ್ಲೇ ಇದೆ. ಊರೂರಿನ ಪೈಪೋಟಿಯಲ್ಲಿ ಮಂಗಳೂರು ಬೆಂಗಳೂರಿಗೆ ಸೋತದ್ದಕ್ಕಿಂತ ಜಾಸ್ತಿ ಮುಂಬೈಗೆ, ಕೊಲ್ಲಿ ದೇಶಗಳಿಗೆ ಸೋತಿದೆ. ಮಕ್ಕಳನ್ನು ಮೊದಲಿಂದಲೂ ಅಲ್ಲಿಗೇ ಕಳಿಸಿದ ಊರು ಇದು.

ಇದರ ದೊಡ್ಡ ತೊಂದರೆ ಘಟ್ಟ. ಬೆಂಗಳೂರು 350 ಕಿಲೋಮೀಟರ್ ಅಷ್ಟೇ. ಆದರೆ ಆಟಿ (ಆಷಾಢ) ತಿಂಗಳ ಮಳೆಯಲ್ಲಿ ಶಿರಾಡಿಯಲ್ಲಿ ಗುಡ್ಡ ಜಾರಿದರೆ ಚಾರ್ಮಾಡಿ, ಅದೂ ಮುಚ್ಚಿದರೆ ಸಂಪಾಜೆ, 2018ರ ಆಗಸ್ಟ್‌ನಂತೆ ಎಲ್ಲ ಕಡೆ ಕುಸಿದರೆ ದೇವರೇ ಗತಿ. ಸಕಲೇಶಪುರ-ಸುಬ್ರಹ್ಮಣ್ಯದ ಘಟ್ಟದ ಹಳಿಯ ಮೇಲೂ ಮಣ್ಣು ಬೀಳುತ್ತದೆ. ಕೇರಳದ ಕಡೆಗೆ, ಮಡಗಾಂವ್ ಕಡೆಗೆ ವೇಗದ ರೈಲು ಹತ್ತುವಾಗ ಮಂಗಳೂರಿನವರಿಗೆ ತಮ್ಮದೇ ರಾಜಧಾನಿ ದೂರ ಅನಿಸುವುದು ಸುಮ್ನೆ ಅಲ್ಲ. ನನಗೂ ಒಂದು ಜುಲೈಯಲ್ಲಿ ಸಕಲೇಶಪುರದಲ್ಲೇ ಒಂದು ರಾತ್ರಿ ಕಳೆಯಬೇಕಾಯಿತು. ಡೀಲರಿಗೆ ಫೋನ್ ಮಾಡಿದರೆ, "ಎಂತ ಮಾಡುದು ಮಾರಾಯ್ರೆ, ಮಳೆ ಅಲ್ವಾ, ನಾಳೆ ಬನ್ನಿ" ಅಂದರು. ಅವರಿಗೆ ಅದು ಸುದ್ದಿಯೇ ಅಲ್ಲ.

ಸೆಕೆಯನ್ನು ಕೊನೆಗೆ ಹೇಳುತ್ತೇನೆ. ಮಾರ್ಚ್‌ನಲ್ಲಿ ಒಂದು ವಾರ ಇದ್ದು ನೋಡದೆ ಮಂಗಳೂರಿನಲ್ಲಿ ಮನೆ ಖರೀದಿಸಬೇಡಿ. ಬಯಲುಸೀಮೆಯ ಮೈಗೆ ಅದು ಒಗ್ಗಿದರೆ ಒಗ್ಗಿತು, ಇಲ್ಲದಿದ್ದರೆ ಇಲ್ಲ.

ಬೆಳಗಾವಿ, ಮತ್ತೆ ತುಮಕೂರು

ಬೆಳಗಾವಿಗೆ ಐಟಿ ಕೆಲಸ ಹುಡುಕಿಕೊಂಡು ಹೋಗಬೇಡಿ. ಲೇತ್, ಎರಕ, ಹೈಡ್ರಾಲಿಕ್ಸ್, ವಾಲ್ವ್ ಅಂದರೆ ನಿಮಗೆ ಖುಷಿಯಾಗುತ್ತದಾ? ಹಾಗಿದ್ದರೆ ಹೋಗಿ. ಉದ್ಯಮಬಾಗದಲ್ಲಿ ನಡೆದರೆ ಎರಡೂ ಬದಿ ಕಬ್ಬಿಣದ ವಾಸನೆ. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವವರೂ ಇದ್ದಾರೆ. ಸಣ್ಣ ವರ್ಕ್‌ಶಾಪ್ ಹಾಕುವವನಿಗೆ ಕೆಲಸ ಕಲಿತ ಕೈಗಳು ಇಲ್ಲಿ ಸಿಗುತ್ತವೆ. ಗೋವಾ, ಕೊಲ್ಲಾಪುರ ಎರಡಕ್ಕೂ ತಲಾ ನೂರು ಕಿಲೋಮೀಟರ್ ಚಿಲ್ಲರೆ ದೂರ, ಪುಣೆಯ ಮಾರುಕಟ್ಟೆಯೂ ಬೆಂಗಳೂರಿಗಿಂತ ಹತ್ತಿರ. 2012ರಲ್ಲಿ ಕಟ್ಟಿದ ಸುವರ್ಣ ವಿಧಾನಸೌಧ ಇದೆ. ಅಧಿವೇಶನದ ದಿನಗಳಲ್ಲಿ ಹೋಟೆಲ್ ರೂಮು ಸಿಗುವುದಿಲ್ಲ, ಉಳಿದ ದಿನ ಅಷ್ಟು ದೊಡ್ಡ ಕಟ್ಟಡ ಕಂಡರೆ ಪಾಪ ಅನಿಸುತ್ತದೆ. ಮರಾಠಿ, ಕನ್ನಡ ಎರಡೂ ಕಿವಿಗೆ ಬೀಳುತ್ತವೆ. ರಾಜಕೀಯದವರು ಜಗಳವಾಡಿದರೂ ಅಂಗಡಿಯವರು ಎರಡರಲ್ಲೂ ವ್ಯಾಪಾರ ಮಾಡುತ್ತಾರೆ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿಂದ ಇಲ್ಲಿಗೂ ವಂದೇ ಭಾರತ್ ಬಂತು. ಹವೆ ನಾಲ್ಕರಲ್ಲಿ ಇದರದ್ದೇ ಚೆಂದ, ಅದನ್ನು ಒಪ್ಪಿಕೊಳ್ಳಲೇಬೇಕು.

ತುಮಕೂರನ್ನು ಪಟ್ಟಿಗೆ ಸೇರಿಸಿಲ್ಲ ಯಾಕೆ ಅಂತ ಭಾವ ಕೇಳಿದರು. 70 ಕಿಲೋಮೀಟರ್ ದೂರ. ವಸಂತನರಸಾಪುರದಲ್ಲಿ ಕಾರ್ಖಾನೆಗಳು, ಗುಬ್ಬಿ ಬಳಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಸೀಟು ಹಿಡಿಯುವ ಕಲೆಯಲ್ಲಿ ಪಳಗಿದವರು. ಮೆಟ್ರೊ ಅಲ್ಲಿಗೇ ಎಳೆಯುವ ಮಾತೂ ಕೇಳಿಬರುತ್ತದೆ. ಅಂದಮೇಲೆ ಅದು ಬೆಂಗಳೂರು ಬಿಡುವುದಲ್ಲ, ಬೆಂಗಳೂರಿನ ಕೊನೇ ಸ್ಟಾಪಿಗೆ ಹೋಗುವುದು. ಕಾರ್ಖಾನೆಯಲ್ಲಿ ಕೆಲಸ ಸಿಕ್ಕವರಿಗೆ ಮಾತ್ರ ನಾನು ತುಮಕೂರು ಹೇಳುತ್ತೇನೆ. ಶಿವಮೊಗ್ಗ, ದಾವಣಗೆರೆ ಬಗ್ಗೆ ಕೇಳಬೇಡಿ. ಒಂದರಲ್ಲಿ ಅತ್ತೆ ಮನೆ, ಇನ್ನೊಂದರಲ್ಲಿ ಬೆಣ್ಣೆ ದೋಸೆ. ಪಕ್ಷಪಾತ ಆಗುತ್ತದೆ.

ಸೈಟಿಗೆ ಕೈ ಹಾಕುವ ಮೊದಲು

ಊರು ಯಾವುದಾದರೂ ಸರಿ, ಮೊದಲ ವರ್ಷ ಬಾಡಿಗೆಗೆ ಇರಿ. ಒಂದು ಬೇಸಿಗೆ, ಒಂದು ಮಳೆಗಾಲ ನೋಡಿ. ವಾಲ್ವ್‌ಮನ್‌ನ ಪರಿಚಯ ಮಾಡಿಕೊಳ್ಳಿ. ಆ ಬಡಾವಣೆಯ ನೀರಿನ ಬಗ್ಗೆ ಅವನಿಗೆ ಗೊತ್ತಿರುವಷ್ಟು ಎಂಜಿನಿಯರಿಗೂ ಗೊತ್ತಿರುವುದಿಲ್ಲ.

ಆಮೇಲೆ ಕಾಗದ. ಕೃಷಿ ಜಮೀನು ಭೂಪರಿವರ್ತನೆ ಆಗಿದೆಯಾ, ಲೇಔಟಿನ ನಕ್ಷೆಗೆ ಆ ಊರಿನ ಅಭಿವೃದ್ಧಿ ಪ್ರಾಧಿಕಾರ ಒಪ್ಪಿಗೆ ಕೊಟ್ಟಿದೆಯಾ, ಇ-ಖಾತೆ ಇದೆಯಾ, ಇಸಿಯಲ್ಲಿ, ಅಂದರೆ ಋಣಭಾರ ಪತ್ರದಲ್ಲಿ, ಸಾಲ ಕಾಣಿಸುತ್ತದಾ. ಪಂಚಾಯಿತಿ ಮಟ್ಟದ ಸೈಟಾದರೆ ಇ-ಸ್ವತ್ತಿನ ಫಾರಂ 9 ಮತ್ತು 11 ಕೇಳಿ. ಇವಿಷ್ಟು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ್ದು ಇನ್ನೊಂದಿದೆ. ಲೇಔಟನ್ನು ಪಾಲಿಕೆಗೋ ನಗರಸಭೆಗೋ ಹಸ್ತಾಂತರ ಮಾಡಿದ್ದಾರಾ ಕೇಳಿ. ಮಾಡಿಲ್ಲ ಅಂದರೆ ದೀಪ ಕೆಟ್ಟರೂ, ಚರಂಡಿ ಕಟ್ಟಿಕೊಂಡರೂ, ನೀರು ನಿಂತರೂ "ನಮ್ಮದಲ್ಲ" ಅಂತ ಎರಡೂ ಕಡೆಯವರು ಕೈ ತೊಳೆಯುತ್ತಾರೆ. ಎಲ್ಲ ಊರುಗಳ ಅಂಚಿನಲ್ಲೂ ನಾನು ಕೇಳುವ ದೊಡ್ಡ ದೂರು ಇದೇ.

ಯಾರಿಗೆ ಯಾವುದು

ಸಂಬಳ ಬೆಂಗಳೂರಿನದು, ವಾರಕ್ಕೆ ಎರಡು ದಿನ ಆಫೀಸಿಗೆ ಹೋಗಬೇಕು ಅಂದರೆ ಮೈಸೂರು, ಅದೂ ರೈಲು ನಿಲ್ದಾಣಕ್ಕೆ ಹತ್ತಿರ, ರಿಂಗ್ ರೋಡ್ ಒಳಗೆ. ವಯಸ್ಸಾದ ಅಪ್ಪ-ಅಮ್ಮ ಇದ್ದಾರೆ, ಆಸ್ಪತ್ರೆ ಮುಖ್ಯ ಅಂದರೆ ಮಂಗಳೂರು ಅಥವಾ ಮೈಸೂರು. ಕರಾವಳಿಯ ನಂಟು ಇಲ್ಲದವರು ಮಂಗಳೂರಿಗೆ ಹೋಗುವ ಮೊದಲು ಎರಡು ಸಲ ಯೋಚಿಸಿ. ಸ್ವಂತ ಕಾರ್ಖಾನೆಯ ಕನಸಿದ್ದರೆ ಬೆಳಗಾವಿ. ಪೂರ್ತಿ ಮನೆಯಿಂದಲೇ ಕೆಲಸ, ಮಕ್ಕಳ ಓದು, ಕಡಿಮೆ ಖರ್ಚು ಬೇಕು ಅನ್ನುವವರಿಗೆ ನಾನು ಧಾರವಾಡ ಹೇಳುತ್ತೇನೆ. ಸಂಪು ದೊಡ್ಡದಿರಲಿ.

ತಂಗಿ ಆರು ತಿಂಗಳು ಯೋಚಿಸಿದಳು. ಅಷ್ಟರಲ್ಲಿ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ, ಬೆಂಗಳೂರಿನ ಅಂಚಿನ 110 ಹಳ್ಳಿಗಳಿಗೆ ಅಂತ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಏರ್ಪಾಡಾಯಿತು. ಅವಳ ಮನಸ್ಸು ಆಗಲೇ ಹೊರಟಾಗಿತ್ತು. ಮುಂದಿನ ಜೂನ್‌ನಲ್ಲಿ ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಮನೆ ಹಿಡಿದರು. ಮಕ್ಕಳು ಶಾಲೆಗೆ ನಡೆದು ಹೋಗುತ್ತಾರೆ. ಭಾವ ತಿಂಗಳಿಗೊಮ್ಮೆ ರಾತ್ರಿ ಗಾಡಿ ಹತ್ತಿ ಬೆಂಗಳೂರಿಗೆ ಹೋಗಿ ಬರುತ್ತಾರೆ.

ಮೊನ್ನೆ ರಾತ್ರಿ ಹತ್ತೂವರೆಗೆ ಅವಳಿಗೆ ಫೋನ್ ಮಾಡಿದೆ. ಹಿಂದೆ ಬಕೆಟ್ ಸದ್ದು, ಭಾವ ಏನೋ ಕೂಗುತ್ತಿದ್ದರು. "ಅಣ್ಣಾ, ಆಮೇಲೆ ಮಾಡ್ತೀನಿ, ನಳ ಬಂದಿದೆ" ಅಂತ ಇಟ್ಟುಬಿಟ್ಟಳು.